ಮಾನಿಟರ್ ಅಂಗಡಿಗೆ ಹೋಗುವಾಗ ಜೇಬಲ್ಲಿ ಪೆನ್‌ಡ್ರೈವ್ ಇರಲಿ

ಶಿರಸಿ ಹತ್ತಿರದ ಒಂದು ಯಕ್ಷಗಾನದ ಫೋಟೋಗಳನ್ನು ಎರಡು ರಾತ್ರಿ ಕೂತು ಹಳೇ ಲ್ಯಾಪ್‌ಟಾಪಿನಲ್ಲಿ ತಿದ್ದಿದ್ದೆ. ಪ್ರಿಂಟ್ ಬಂದಾಗ ನೋಡಿದರೆ ಎಲ್ಲಾ ಕಪ್ಪು ಕಪ್ಪು. ಮುಂಡಾಸು ಯಾವುದು, ಹಿಂದಿನ ಕತ್ತಲೆ ಯಾವುದು ಅಂತ ಗೊತ್ತಾಗುತ್ತಿರಲಿಲ್ಲ. ಲ್ಯಾಬಿನವರಿಗೆ ಫೋನ್ ಮಾಡಿ ಜಗಳವನ್ನೂ ಆಡಿದೆ. ಆಮೇಲೆ ಗೊತ್ತಾಯಿತು, ತಪ್ಪು ನನ್ನದೇ. ಸ್ಕ್ರೀನಿನ ಬ್ರೈಟ್‌ನೆಸ್ ಪೂರ್ತಿ ಏರಿಸಿಟ್ಟಿದ್ದೆ. ಅದರಲ್ಲಿ ಬೆಳ್ಳಗೆ ಕಂಡಿದ್ದಕ್ಕೆ ಫೋಟೋವನ್ನು ನಾನೇ ಕತ್ತಲು ಮಾಡಿ ಕಳಿಸಿದ್ದೆ.

ಈಗ ಅಕ್ಕನ ಮಗ ಕ್ಯಾಮೆರಾ ತಗೊಂಡಿದ್ದಾನೆ, ಫೋಟೋ ತಿದ್ದಲು ಮಾನಿಟರ್ ಹುಡುಕುತ್ತಿದ್ದಾನೆ. ಮೊನ್ನೆ ಕೇಳಿದ, "ಮಾವ, 144 ಹರ್ಟ್ಸ್ ಇದ್ದರೆ ಫೋಟೋ ಚೆನ್ನಾಗಿ ಕಾಣುತ್ತಾ?" ಇಲ್ಲ ಮಾರಾಯ. ಹರ್ಟ್ಸ್ ಅಂದರೆ ಸ್ಕ್ರೀನ್ ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದು ಮಾಡುತ್ತದೆ ಅನ್ನೋದು, 144 ಬೇಕಾಗುವುದು ಗೇಮ್ ಆಡುವವರಿಗೆ. ನಿಂತಿರುವ ಫೋಟೋಗೆ 60 ಹರ್ಟ್ಸ್ ಧಾರಾಳ ಸಾಕು. ಆ ದುಡ್ಡನ್ನು ಪ್ಯಾನೆಲ್ ಮೇಲೆ, ಅಂದರೆ ಚಿತ್ರ ಮೂಡುವ ಪರದೆಯ ಮೇಲೆ, ಹಾಕು ಅಂದೆ.

ಪ್ಯಾನೆಲಿನಲ್ಲಿ ಐಪಿಎಸ್, ಟಿಎನ್, ವಿಎ ಅಂತ ಜಾತಿಗಳಿವೆ. ನಿಮ್ಮದು ಐಪಿಎಸ್ ಆಗಿರಲಿ, ಓರೆಯಾಗಿ ನೋಡಿದರೂ ಬಣ್ಣ ಹೆಚ್ಚು ಬದಲಾಗುವುದಿಲ್ಲ. ಅಗ್ಗದ ಟಿಎನ್ ಪ್ಯಾನೆಲನ್ನು ಕೂತು ನೋಡಿದರೆ ಒಂದು ಬಣ್ಣ, ಎದ್ದು ನಿಂತರೆ ಇನ್ನೊಂದು. ವಿಎ ಪ್ಯಾನೆಲಿನಲ್ಲಿ ಕಪ್ಪು ಚೆನ್ನಾಗಿ ಬರುತ್ತದೆ, ಆದರೆ ಸ್ವಲ್ಪ ಓರೆಯಾಗಿ ನೋಡಿದರೂ ನೆರಳಿನ ಭಾಗ ಬದಲಾಗುತ್ತದೆ. ಇನ್ನು ಬಣ್ಣದ ವಿಷಯ. ಮೊಬೈಲ್, ವೆಬ್ಬಿನ ಫೋಟೋಗಳಿಗೆ ಸಾಮಾನ್ಯವಾಗಿ ಬಳಸುವ ಬಣ್ಣಗಳ ಗುಂಪಿಗೆ ಎಸ್‌ಆರ್‌ಜಿಬಿ ಅನ್ನುತ್ತಾರೆ. ಡಬ್ಬಿ ಮೇಲೆ ಎಸ್‌ಆರ್‌ಜಿಬಿ 99 ಅಥವಾ 100 ಪರ್ಸೆಂಟ್ ಅಂತ ಇದೆಯಾ ನೋಡಿ. ಕೆಲವರು ಹಳೇ ಟಿವಿ ಕಾಲದ ಅಳತೆಯಲ್ಲಿ ಎನ್‌ಟಿಎಸ್‌ಸಿ 72 ಪರ್ಸೆಂಟ್ ಅಂತ ಬರೆದಿರುತ್ತಾರೆ, ಅದೂ ಹೆಚ್ಚುಕಡಿಮೆ ಅಷ್ಟೇ. ಎನ್‌ಟಿಎಸ್‌ಸಿ 45 ಅಂತಿದ್ದರೆ ಬೇಡವೇ ಬೇಡ. ನನ್ನ ಹಳೇ ಲ್ಯಾಪ್‌ಟಾಪ್ ಅದೇ ಜಾತಿಯದ್ದು, ಕುಂಕುಮದ ಕೆಂಪು ಅದರಲ್ಲಿ ಇಟ್ಟಿಗೆ ಬಣ್ಣ. ಎಸ್‌ಆರ್‌ಜಿಬಿಗಿಂತ ಹೆಚ್ಚು ಬಣ್ಣ ಇರುವ ಅಡೋಬ್ ಆರ್‌ಜಿಬಿಯನ್ನು ಪೂರ್ತಿ ತೋರಿಸುವ ಮಾನಿಟರಿಗೆ ಬೆಲೆ ಜಾಸ್ತಿ. ಮೊಬೈಲಿಗೂ ಮದುವೆ ಆಲ್ಬಮ್ಮಿಗೂ ಫೋಟೋ ಕೊಡುವ ಹೊಸಬರಿಗೆ ಈಗಲೇ ಅದು ಬೇಡ.

ಸೈಜ್ ವಿಷಯದಲ್ಲಿ ಎಲ್ಲರೂ ಆಸೆ ಬೀಳುವುದು 27 ಇಂಚಿಗೆ. ತಪ್ಪಲ್ಲ, ಆದರೆ ಅದರಲ್ಲಿ 2560x1440 ಪಿಕ್ಸೆಲ್, ಅಂದರೆ ಚಿತ್ರದ ಚುಕ್ಕಿಗಳು, ಇರಬೇಕು. 27 ಇಂಚಿನಲ್ಲಿ ಫುಲ್ ಎಚ್‌ಡಿ (1920x1080) ತಗೊಂಡರೆ ಇಂಚಿಗೆ ಸುಮಾರು 82 ಪಿಕ್ಸೆಲ್ ಅಷ್ಟೇ, ಫೋಕಸ್ ಸರಿಯಾಗಿ ಕೂತಿದೆಯೋ ಇಲ್ಲವೋ ಅನ್ನೋದೇ ಅನುಮಾನ. ದುಡ್ಡು ಕಮ್ಮಿ ಇದ್ದರೆ 24 ಇಂಚಿನ ಫುಲ್ ಎಚ್‌ಡಿ ತಗೊಳ್ಳಿ, ಸುಮ್ನೆ ದೊಡ್ಡದಕ್ಕೆ ಹೋಗಬೇಡಿ.

ಅಂಗಡಿಗೆ ಹೋಗುವಾಗ ಪೆನ್‌ಡ್ರೈವಿನಲ್ಲಿ ನಿಮ್ಮದೇ ಮೂರು ಫೋಟೋ ಹಾಕಿಕೊಳ್ಳಿ. ನಾನು ಒಯ್ಯುವುದು ಇವು: ಕಾರವಾರದ ಕಡಲ ತೀರದಲ್ಲಿ ಸೂರ್ಯ ಮುಳುಗಿದ ಮೇಲಿನ ಖಾಲಿ ಆಕಾಶ, ಮಳೆಗಾಲದ ಅಡಿಕೆ ತೋಟ, ನಮ್ಮ ಆಯಿಯ ಮುಖ. ಆಕಾಶದಲ್ಲಿ ಕಿತ್ತಳೆಯಿಂದ ನೀಲಿಗೆ ಬಣ್ಣ ನಯವಾಗಿ ಇಳಿಯಬೇಕು. ಸೀರೆಯ ಪಟ್ಟಿ ಥರ ಗೆರೆಗಳು ಕಂಡರೆ ಆ ಮಾನಿಟರ್ ಬಿಡಿ. ತೋಟದ ಫೋಟೋದಲ್ಲಿ ಮರದ ಬುಡದ ಕತ್ತಲಲ್ಲೂ ಸೊಪ್ಪಿನ ಎಲೆ ಬೇರೆ ಬೇರೆ ಕಾಣಬೇಕು. ಮುಖದ ಫೋಟೋವನ್ನು ಎಡಕ್ಕೆ, ಬಲಕ್ಕೆ ಸರಿದು, ಕೆಳಗೆ ಬಗ್ಗಿ ನೋಡಿ, ಬಣ್ಣ ಬದಲಾಗಬಾರದು. ಅಂಗಡಿಯವನು ನಗುತ್ತಾನೆ, ನಗಲಿ. ಅಂದಹಾಗೆ, ಅಂಗಡಿಯಲ್ಲಿ ಮಾನಿಟರನ್ನು ಕಣ್ಣು ಕುಕ್ಕುವ 'ವಿವಿಡ್' ಮೋಡಿನಲ್ಲಿ ಇಟ್ಟಿರುತ್ತಾರೆ. ಮೊದಲು ಅದನ್ನು ಎಸ್‌ಆರ್‌ಜಿಬಿ ಮೋಡಿಗೆ ತರಲು ಹೇಳಿ.

ಮನೆಗೆ ತಂದ ಮೇಲೆ ಕಿಟಕಿಗೆ ಎದುರಾಗಿ ಇಡಬೇಡಿ, ಬೆಳಕು ಸ್ಕ್ರೀನಿಗೆ ಹೊಡೆಯುತ್ತದೆ. ಅರ್ಧ ಗಂಟೆ ಆನ್ ಇಟ್ಟು, ಮಾನಿಟರಿನ ಮೆನುವಿನಲ್ಲಿ ಬಣ್ಣದ ತಾಪ (ಬಿಳಿ ಹಳದಿ ಕಡೆಗೋ ನೀಲಿ ಕಡೆಗೋ ಅನ್ನೋದು) 6500 ಕೆಲ್ವಿನ್, ಗಾಮಾ (ಕಪ್ಪಿನಿಂದ ಬಿಳಿವರೆಗಿನ ನಡುವಿನ ಛಾಯೆಗಳ ಹೊಂದಿಕೆ) 2.2 ಮಾಡಿ. ಬ್ರೈಟ್‌ನೆಸ್ ಪ್ರಿಂಟಿಗೆ 100 ನಿಟ್ಸ್ (ಸ್ಕ್ರೀನಿನ ಬೆಳಕಿನ ಅಳತೆ) ಆಸುಪಾಸು ಸಾಕು. ಅಳೆಯಲು ಸಾಧನ ಇಲ್ಲವಾ? ಮೇಜಿನ ದೀಪದ ಕೆಳಗೆ ಒಂದು ಬಿಳಿ ಹಾಳೆ ಹಿಡಿಯಿರಿ, ಪಕ್ಕದಲ್ಲಿ ಸ್ಕ್ರೀನಿನ ಮೇಲೂ ಖಾಲಿ ಬಿಳಿ ಪುಟ ತೆರೆಯಿರಿ. ಎರಡೂ ಒಂದೇ ಥರ ಕಾಣುವ ತನಕ ಬ್ರೈಟ್‌ನೆಸ್ ಇಳಿಸುತ್ತಾ ಬನ್ನಿ. ಮೊದಲ ದಿನ ಮಂಕು ಅನ್ನಿಸುತ್ತದೆ, ಮೂರನೇ ದಿನಕ್ಕೆ ಕಣ್ಣು ಒಗ್ಗಿಕೊಳ್ಳುತ್ತದೆ. ಆ ಅಳೆಯುವ ಸಾಧನ, ಅಂದರೆ ಕ್ಯಾಲಿಬ್ರೇಟರ್, ಒಬ್ಬರೇ ಕೊಳ್ಳುವುದು ಭಾರ, ಅಲ್ವಾ? ನಾವು ಮೂವರು ಗೆಳೆಯರು ಸೇರಿ ಒಂದು ತಗೊಂಡಿದ್ದೇವೆ. ತಿಂಗಳಿಗೊಮ್ಮೆ ಅದು ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಬೈಕ್ ಮೇಲೆ ಹೋಗುತ್ತದೆ.

ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತದೆ, ಹಾಗಾಗಿ ಮಾನಿಟರಿಗೂ ಯುಪಿಎಸ್ ಇರಲಿ. ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಿ. ಇನ್ನೊಂದು, ತಂದ ದಿನವೇ ಸ್ಕ್ರೀನಿನ ತುಂಬಾ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಒಂದೊಂದಾಗಿ ಹಾಕಿ ಸತ್ತ ಪಿಕ್ಸೆಲ್ (ಬಣ್ಣ ಬದಲಿಸದೆ ನಿಂತುಬಿಟ್ಟ ಚುಕ್ಕಿ) ಹುಡುಕಿ. ಬದಲಾಯಿಸಿ ಕೊಡುವ ಗಡುವು ಮುಗಿಯುವ ತನಕ ಬಿಲ್ಲನ್ನೂ ಡಬ್ಬಿಯನ್ನೂ ಅಟ್ಟದ ಮೇಲೆ ಇಟ್ಟಿರಿ.