ಅಡಿಕೆ ಕಳವಾದ ಬೆಳಿಗ್ಗೆ ಊರಿನ ಸಂಘ ಏನು ಮಾಡಬೇಕು?

ತೀರ್ಥಹಳ್ಳಿ ಕಡೆಯ ಒಂದು ಊರು. ಒಣಗಿಸಿ, ಚೀಲ ಕಟ್ಟಿ ಜಗಲಿ ಮೇಲೆ ಇಟ್ಟಿದ್ದ ಅಡಿಕೆ ರಾತ್ರೋರಾತ್ರಿ ಹೋಯಿತು. ಯುವಕ ಸಂಘದವರು ಚಂದಾ ಎತ್ತಿ ರಸ್ತೆಯ ತಿರುವಿನಲ್ಲಿ ಕ್ಯಾಮೆರಾ ಹಾಕಿಸಿದ್ದರು. ಗಾಡಿ ಬಂದದ್ದು, ಇಬ್ಬರು ಇಳಿದದ್ದು, ಚೀಲ ಹೊತ್ತು ತಂದದ್ದು ಎಲ್ಲವೂ ಅದರಲ್ಲಿತ್ತು. ಸಂಘದ ಹುಡುಗನೊಬ್ಬ ಪರದೆಯ ಮುಂದೆ ಮೊಬೈಲ್ ಹಿಡಿದು 40 ಸೆಕೆಂಡಿನ ವಿಡಿಯೊ ಮಾಡಿ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ. ಮಧ್ಯಾಹ್ನದ ಹೊತ್ತಿಗೆ ಅದು ತಾಲ್ಲೂಕೆಲ್ಲ ಸುತ್ತಿತ್ತು. ಎರಡು ವಾರ ಕಳೆದು ಪೊಲೀಸರು ಮೂಲ ದೃಶ್ಯ ಕೇಳಿದಾಗ ಡಿವಿಆರ್ (ಕ್ಯಾಮೆರಾದ ದೃಶ್ಯ ದಾಖಲಿಸಿಡುವ ಪೆಟ್ಟಿಗೆ) ಅದರ ಮೇಲೆ ಹೊಸ ದೃಶ್ಯ ಬರೆದುಕೊಂಡಿತ್ತು. ಮೊಬೈಲ್ ವಿಡಿಯೊದಲ್ಲಿ ಗಾಡಿಯ ನಂಬರು ಓದಲು ಬರಲಿಲ್ಲ. ‘ಹಂಗಾದ್ರೆ ಕ್ಯಾಮೆರಾ ಹಾಕಿದ್ದು ಯಾಕೆ ಮಾರಾಯಾ?’ ಎಂದು ಆ ಮನೆಯ ಅಜ್ಜಿ ಕೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಆ ಹುಡುಗರಲ್ಲಿ ಒಬ್ಬರೂ ಸೋಮಾರಿಗಳಾಗಿರಲಿಲ್ಲ. ಏನು ಮಾಡಬೇಕೆಂದು ಹೇಳಿಕೊಟ್ಟವರು ಇರಲಿಲ್ಲ, ಅಷ್ಟೇ. ಊರಿನ ಸಂಘ ಪೊಲೀಸರಿಗೆ ಮಾಡಬಹುದಾದ ದೊಡ್ಡ ಉಪಕಾರವೆಂದರೆ ಕೋರ್ಟಿನಲ್ಲಿ ನಿಲ್ಲುವ ಸಾಕ್ಷ್ಯವನ್ನು ಕೆಡದಂತೆ ಅವರ ಕೈಗೆ ಕೊಡುವುದು. ಅದನ್ನು ಹಂತ ಹಂತವಾಗಿ ಬರೆಯುತ್ತೇನೆ.

1. ಸಂಘ

ಊರಲ್ಲಿ ಯುವಕ ಸಂಘವೋ ಮಹಿಳಾ ಮಂಡಳಿಯೋ ಇದ್ದರೆ ಹೊಸದು ಕಟ್ಟಬೇಡಿ. ಇಲ್ಲದಿದ್ದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಕನಿಷ್ಠ 7 ಜನ ಸೇರಿ ನೋಂದಣಿ ಮಾಡಿಸಿ. ಹಣದ ಲೆಕ್ಕಕ್ಕೆ ಸಂಘದ ಹೆಸರಲ್ಲೇ ಬ್ಯಾಂಕ್ ಖಾತೆ ಇರಲಿ.

2. ಠಾಣೆ

ಠಾಣೆಯ ಸರಹದ್ದನ್ನು ಬೀಟ್‌ಗಳಾಗಿ ಹಂಚಿರುತ್ತಾರೆ. ನಿಮ್ಮೂರಿನ ಬೀಟ್ ಸಿಬ್ಬಂದಿ ಯಾರೆಂದು ಕೇಳಿ, ಅವರನ್ನು ಒಮ್ಮೆ ಊರಿಗೆ ಕರೆದು ಕಾಫಿ ಕೊಟ್ಟು ಮಾತಾಡಿ. 2025ರಲ್ಲಿ ರಾಜ್ಯದಲ್ಲಿ ‘ಮನೆ ಮನೆಗೆ ಪೊಲೀಸ್’ ಶುರುವಾದ ಮೇಲೆ ಅವರೂ ಮನೆಗಳಿಗೆ ಬಂದು ಪರಿಚಯ ಮಾಡಿಕೊಳ್ಳಬೇಕೆಂದಿದೆ. ಸಂಘ ಜೊತೆಗಿದ್ದರೆ ಆ ಭೇಟಿಗೆ ಅರ್ಥ ಬರುತ್ತದೆ.

ಅವರ ಕೈಗೆ ಒಂದು ಪಟ್ಟಿ ಕೊಡಿ. ನಮ್ಮಲ್ಲಿ ಮನೆಯಿಂದ ಮನೆಗೆ ನಡುವೆ ಒಂದು ತೋಟ, ಒಂದು ಗುಡ್ಡ. ಮಕ್ಕಳು ಬೆಂಗಳೂರಲ್ಲಿ, ಮನೆಯಲ್ಲಿ ವಯಸ್ಸಾದ ಇಬ್ಬರೇ. ಇಂಥ ಒಂಟಿ ಮನೆಗಳು ಎಷ್ಟು, ಯಾವ ತಿರುವಿನಲ್ಲಿ ಇಳಿಯಬೇಕು, ಮಳೆಗಾಲದಲ್ಲಿ ಜೀಪು ಎಲ್ಲಿಯವರೆಗೆ ಬರುತ್ತದೆ, ಸಂಕ (ಹಳ್ಳದ ಕಾಲುಸೇತುವೆ) ದಾಟಬೇಕೆ, ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆ ಎಂದು ಕಾಗದದ ಮೇಲೆ ಕೈಯಲ್ಲೇ ಬರೆಯಿರಿ. ರಾತ್ರಿ 2 ಗಂಟೆಗೆ 112ಕ್ಕೆ ಕರೆ ಹೋದರೆ ಬರುವ ವಾಹನದವರಿಗೆ ದಾರಿ ತೋರಿಸುವುದು ಈ ಕಾಗದವೇ. ಇದನ್ನು ಯಾವ ಗುಂಪಿಗೂ ಹಾಕಬೇಡಿ, ಫೋಟೊ ತೆಗೆಯಲೂ ಬಿಡಬೇಡಿ. ಕಳ್ಳನಿಗೆ ಬೇಕಾದದ್ದೂ ಇದೇ ಪಟ್ಟಿ.

3. ಮಾಡಬಾರದ್ದು

ರಸ್ತೆಗೆ ಅಡ್ಡ ನಿಂತು ಗಾಡಿ ತಡೆಯಬೇಡಿ. ಯಾವ ಗಾಡಿಯಾಗಲಿ, ಯಾರ ಮೇಲೆ ಅನುಮಾನವಾಗಲಿ, ತಡೆದು ತಪಾಸಣೆ ಮಾಡುವ ಅಧಿಕಾರ ಸಂಘಕ್ಕಿಲ್ಲ. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಕೋವಿ ಹಿಡಿದು ಗಸ್ತು ತಿರುಗುವುದಂತೂ ಕೂಡದೇ ಕೂಡದು. ಜಾಮೀನು ಹಕ್ಕಾಗಿ ಸಿಗದ, ಪೊಲೀಸರು ನೇರವಾಗಿ ಕೇಸು ಹಾಕಬಹುದಾದ ಅಪರಾಧವನ್ನು ನಿಮ್ಮ ಕಣ್ಣೆದುರೇ ಮಾಡಿದವನನ್ನು ಹಿಡಿದಿಡಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಅವಕಾಶ ಕೊಡುತ್ತದೆ. ಆದರೆ ಅನಗತ್ಯ ತಡ ಮಾಡದೆ, ಏನಿದ್ದರೂ 6 ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕು. ಕಂಬಕ್ಕೆ ಕಟ್ಟಿ ಹೊಡೆದರೆ ಕಳ್ಳನ ಕೇಸಿನ ಜೊತೆ ನಿಮ್ಮ ಮೇಲೂ ಕೇಸು ಬೀಳುತ್ತದೆ, ಬೀಳಲೇಬೇಕು.

ಹೆಣ್ಣುಮಕ್ಕಳ, ಮಕ್ಕಳ ಮೇಲಿನ ದೌರ್ಜನ್ಯದಲ್ಲಿ ಊರ ಪಂಚಾಯಿತಿ ಸೇರಿಸಿ ರಾಜಿ ಮಾಡಿಸುವವರನ್ನು ನೋಡಿದ್ದೇನೆ. ಇದಕ್ಕಿಂತ ದೊಡ್ಡ ಅನ್ಯಾಯ ಸಂಘದಿಂದ ಆಗಲಾರದು. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ ಪೋಕ್ಸೊ ಕಾಯ್ದೆ. ಮುಚ್ಚಿಟ್ಟರೆ ಅದೇ ಅಪರಾಧ. ಮಗುವಿನ ಹೆಸರು, ಮನೆ, ಶಾಲೆ ಯಾವುದೂ ಬಾಯಿಂದ ಹೊರಬೀಳಬಾರದು. ಸಹಾಯವಾಣಿ ಮಕ್ಕಳಿಗೆ 1098, ಮಹಿಳೆಯರಿಗೆ 181. ಜೊತೆಗೆ ನಿಂತು ಧೈರ್ಯ ಹೇಳುವ ಕೆಲಸಕ್ಕೆ ಪಳಗಿದವರು ಬೇಕು. ಸ್ವಯಂಸೇವಾ ಸಂಸ್ಥೆಗಳ ಮೂಲಕ ಸರ್ಕಾರ ನಡೆಸುವ ಸಾಂತ್ವನ ಕೇಂದ್ರಗಳು ಇರುವುದು ಇದಕ್ಕೇ. ಉಚಿತ ಕಾನೂನು ನೆರವಿಗೆ 15100.

4. ಕ್ಯಾಮೆರಾ

ಮೆಮೊರಿ ಕಾರ್ಡ್ ಹಾಕುವ ಅಗ್ಗದ ವೈಫೈ ಕ್ಯಾಮೆರಾ ಕೊಳ್ಳಬೇಡಿ. ಕಳ್ಳ ಕ್ಯಾಮೆರಾ ಕಿತ್ತುಕೊಂಡು ಹೋದರೆ ಸಾಕ್ಷ್ಯವೂ ಅವನ ಜೇಬಿನಲ್ಲೇ ಹೋಯಿತು. ತಂತಿ ಎಳೆದು, ಬೇರೆ ಕೋಣೆಯಲ್ಲಿ ಡಿವಿಆರ್ ಇಡುವ ಹಳೇ ಪದ್ಧತಿಯೇ ನಮ್ಮ ಕಡೆಗೆ ಸರಿ.

ಹಾರ್ಡ್ ಡಿಸ್ಕಿನ ಲೆಕ್ಕ ಮೊದಲೇ ಹಾಕಿ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಬರೆದರೆ ದಿನಕ್ಕೆ ಸುಮಾರು 21 ಜಿಬಿ ಬೇಕು. 4 ಕ್ಯಾಮೆರಾ ಇದ್ದರೆ 1 ಟಿಬಿ ಡಿಸ್ಕು 11–12 ದಿನಕ್ಕೆ ತುಂಬುತ್ತದೆ, ಆಮೇಲೆ ಹಳೆಯದರ ಮೇಲೆ ಬರೆಯುತ್ತದೆ. ಅಜ್ಜಿಯ ಊರಲ್ಲಿ ಆದದ್ದು ಇದೇ. ಜನ ಹೆಚ್ಚು ಸೇರುವ ಅಂಗಡಿ, ಸಂಸ್ಥೆಗಳು 30 ದಿನದ ದೃಶ್ಯ ಇಟ್ಟಿರಬೇಕೆಂದು ರಾಜ್ಯದ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ. ಸಂಘಕ್ಕೂ ಅದೇ ಅಳತೆ ಇಟ್ಟುಕೊಳ್ಳಿ, 4 ಟಿಬಿ ಹಾಕಿಸಿ. ಬಣ್ಣದ ಬೋರ್ಡಿಗೆ ಸುರಿಯುವ ದುಡ್ಡು ಡಿಸ್ಕಿಗೆ ಹೋಗಲಿ.

ನಂಬರ್ ಪ್ಲೇಟಿಗೆಂದೇ ಬೇರೆ ಕ್ಯಾಮೆರಾ ಬೇಕು. ಎತ್ತರದ ಕಂಬದಿಂದ ಇಡೀ ರಸ್ತೆ ಕಾಣುವ ಕ್ಯಾಮೆರಾದಲ್ಲಿ ರಾತ್ರಿ ಹೆಡ್‌ಲೈಟ್ ಬೆಳಕಿಗೆ ಪ್ಲೇಟು ಬೆಳ್ಳಗೆ ಉರಿದುಹೋಗುತ್ತದೆ. ಹಂಪ್ ಇರುವಲ್ಲಿ ಅಥವಾ ಗಾಡಿ ನಿಧಾನವಾಗುವ ತಿರುವಿನಲ್ಲಿ, ಕಡಿಮೆ ಎತ್ತರದಲ್ಲಿ, ಗಾಡಿ ದಾಟಿದ ಮೇಲೆ ಅದರ ಹಿಂಭಾಗ ಕಾಣುವಂತೆ ಕೂರಿಸಿ. ಹಾಕಿಸಿದ ದಿನವೇ ಹಣ ಕೊಟ್ಟುಬಿಡಬೇಡಿ. ರಾತ್ರಿ ನಿಮ್ಮದೇ ಬೈಕು, ಜೀಪು ಓಡಿಸಿ ನಂಬರು ಓದಲು ಬಂದ ಮೇಲೆ ಕೊಡಿ.

ಮೆಸ್ಕಾಂನ ಕರೆಂಟು ಕಂಬಕ್ಕೆ ಅನುಮತಿ ಇಲ್ಲದೆ ಕಟ್ಟಬಾರದು. ಯಾರ ಮನೆಯ ಬಚ್ಚಲೂ ಬಾವಿಕಟ್ಟೆಯೂ ದೃಶ್ಯದೊಳಗೆ ಬರಬಾರದು. ಮುಂಗಾರಿಗೆ ಮುಂಚಿನ ಸಿಡಿಲಿಗೆ ಡಿವಿಆರ್ ಸುಡುವುದು ಇಲ್ಲಿ ಮಾಮೂಲು, ಅರ್ಥಿಂಗ್ ಸರಿಯಾಗಿ ಮಾಡಿಸಿ. ಕರೆಂಟು ಹೋದಾಗಲೂ ಓಡಲು ಯುಪಿಎಸ್ ಇರಲಿ. ಹದಿನೈದು ದಿನಕ್ಕೊಮ್ಮೆ ಏಣಿ ಹತ್ತಿ ಜೇಡರ ಬಲೆ ಒರೆಸಿ. ರಾತ್ರಿ ಕ್ಯಾಮೆರಾದ ಬೆಳಕಿಗೆ ಹುಳ ಬರುತ್ತದೆ, ಹುಳಕ್ಕೆ ಜೇಡ ಬರುತ್ತದೆ. ಕಳ್ಳ ಬಂದ ರಾತ್ರಿ ಪರದೆ ತುಂಬ ಜೇಡನೇ ಕಂಡ ಊರೂ ಒಂದಿದೆ.

5. ಕಳವಾದ ಬೆಳಿಗ್ಗೆ

ಎಲ್ಲರೂ ಎಡವುವುದು ಇಲ್ಲಿ. ನಿಧಾನವಾಗಿ ಓದಿ.

ಮೊದಲು ಅಂಗಳಕ್ಕೆ ಜನ ನುಗ್ಗದಂತೆ ನೋಡಿಕೊಳ್ಳಿ. ಚಕ್ರದ ಗುರುತು, ಹೆಜ್ಜೆ, ಬಿದ್ದ ಹಗ್ಗದ ತುಂಡು ಹಾಗೇ ಇರಲಿ. ಮಳೆ ಬರುವಂತಿದ್ದರೆ ಗುರುತಿನ ಮೇಲೆ ಬುಟ್ಟಿಯೋ ಬಾಣಲೆಯೋ ಕವುಚಿ ಹಾಕಿ. ಮನೆಯವರು ದೂರು ಕೊಡಲಿ. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತವಾಗಿ ಸಿಗಬೇಕು, ಕೇಳಿ ಪಡೆಯಿರಿ.

ಈಗ ಡಿವಿಆರ್. ಪರದೆಯ ಮೇಲಿನ ಗಡಿಯಾರವನ್ನೂ ನಿಮ್ಮ ಮೊಬೈಲ್ ಗಡಿಯಾರವನ್ನೂ ಒಟ್ಟಿಗೆ ಇಟ್ಟು ಫೋಟೊ ತೆಗೆಯಿರಿ. ಡಿವಿಆರ್ 17 ನಿಮಿಷ ಮುಂದಿದ್ದರೆ ಹಾಗೆಂದೇ ದಾಖಲೆ ಪುಸ್ತಕದಲ್ಲಿ ಬರೆಯಿರಿ. ಗಡಿಯಾರವನ್ನು ಆಗ ಸರಿಪಡಿಸಬೇಡಿ. ಗಾಡಿ ಇನ್ನೊಂದು ಊರಿನ ಕ್ಯಾಮೆರಾದಲ್ಲಿ ಯಾವ ಹೊತ್ತಿಗೆ ಕಂಡಿತು ಎಂದು ತಾಳೆ ಹಾಕುವಾಗ ಈ 17 ನಿಮಿಷವೇ ಕೇಸನ್ನು ಉಳಿಸುತ್ತದೆ, ಇಲ್ಲವೇ ಕೆಡಿಸುತ್ತದೆ.

ಆಮೇಲೆ ಹೊಸ ಪೆನ್‌ಡ್ರೈವ್ ಹಾಕಿ, ಡಿವಿಆರ್‌ನ ಬ್ಯಾಕಪ್ ಮೆನುವಿನಿಂದಲೇ ಪ್ರತಿ ತೆಗೆಯಿರಿ. ಘಟನೆಗೆ ಒಂದು ಗಂಟೆ ಮೊದಲಿಂದ ಒಂದು ಗಂಟೆ ನಂತರದವರೆಗೆ, ಎಲ್ಲ ಕ್ಯಾಮೆರಾಗಳದ್ದೂ ಬೇಕು. ಕತ್ತರಿಸಬೇಡಿ, ಬೆಳಕು ಹೆಚ್ಚಿಸಬೇಡಿ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬೇಡಿ. ವಾಟ್ಸ್‌ಆ್ಯಪ್ ದೃಶ್ಯವನ್ನು ಕುಗ್ಗಿಸುತ್ತದೆ. ಮೇಲಾಗಿ ಕಳ್ಳನಿಗೂ ಗುಂಪುಗಳಿರುತ್ತವೆ. ಪೊಲೀಸರಿಗೊಂದು, ಸಂಘದ ಬೀರುವಿಗೊಂದು, ಹೀಗೆ ಎರಡು ಪ್ರತಿ ಸಾಕು. ಹಾರ್ಡ್ ಡಿಸ್ಕನ್ನು ನೀವಾಗಿ ಬಿಚ್ಚಬೇಡಿ. ಪೊಲೀಸರು ಬಂದು ಮಹಜರು ಬರೆದು ತೆಗೆದುಕೊಳ್ಳಲಿ, ಅದರ ಜಾಗಕ್ಕೆ ಹಾಕಲು ಇನ್ನೊಂದು ಡಿಸ್ಕು ತಂದಿಟ್ಟಿರಿ. ಅವರು ಬರುವುದು ತಡವಾದರೆ ಸೆಟ್ಟಿಂಗ್‌ನಲ್ಲಿ ಓವರ್‌ರೈಟ್ ನಿಲ್ಲಿಸಿ, ಎಷ್ಟು ಗಂಟೆಗೆ ನಿಲ್ಲಿಸಿದಿರಿ ಎಂದು ಬರೆದಿಡಿ.

ಇಷ್ಟಕ್ಕೇ ಮುಗಿಯಲಿಲ್ಲ. ಪ್ರತಿಯ ಜೊತೆ ಪ್ರಮಾಣಪತ್ರ ಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಇದನ್ನು ಕೇಳುತ್ತದೆ, ನಮೂನೆ ಆ ಅಧಿನಿಯಮದ ಕೊನೆಯ ಅನುಸೂಚಿಯಲ್ಲಿದೆ. ಮೊದಲ ಭಾಗಕ್ಕೆ ಯಂತ್ರದ ಉಸ್ತುವಾರಿ ಹೊತ್ತವರು, ಎರಡನೇ ಭಾಗಕ್ಕೆ ತಜ್ಞರು ಸಹಿ ಮಾಡಬೇಕು. ಡಿವಿಆರ್ ಕಂಪನಿ, ಮಾಡೆಲ್, ಸೀರಿಯಲ್ ನಂಬರು, ಜೊತೆಗೆ ಕಡತದ ಹ್ಯಾಶ್ ಮೌಲ್ಯ ಬರೆಯಬೇಕು. ಹ್ಯಾಶ್ ಎಂದರೆ ಆ ಕಡತದ ಹೆಬ್ಬೆಟ್ಟಿನ ಗುರುತು ಇದ್ದ ಹಾಗೆ: ಒಂದು ಚುಕ್ಕಿ ಬದಲಾದರೂ ಗುರುತು ಬದಲಾಗುತ್ತದೆ. ಪ್ರತಿ ತೆಗೆದ ದಿನವೇ, ಕಂಪ್ಯೂಟರ್ ತಿಳಿದವರ ಕೈಯಲ್ಲಿ, ಪೊಲೀಸರೆದುರು ಇದನ್ನು ತೆಗೆಸಿ. ಮೂಲ ಯಂತ್ರವನ್ನೇ ಹಾಜರುಪಡಿಸದೆ ಪ್ರತಿಯನ್ನು ಕೊಡುವುದಾದರೆ ಪ್ರಮಾಣಪತ್ರ ಕಡ್ಡಾಯ ಎಂದು ಹಳೆಯ ಸಾಕ್ಷ್ಯ ಕಾಯ್ದೆ ಇದ್ದಾಗಲೇ, 2020ರಲ್ಲಿ, ಸುಪ್ರೀಂ ಕೋರ್ಟ್ ಹೇಳಿದೆ.

6. ದುಡ್ಡು ಫೋನಿನಲ್ಲಿ ಹೋದರೆ

ಕಿಸಾನ್ ಯೋಜನೆಯ ಹೆಸರಿನಲ್ಲಿ ಬಂದ ಎಪಿಕೆ ಕಡತ (ಫೋನಿಗೆ ಆ್ಯಪ್ ಹಾಕುವ ಕಡತ) ಒತ್ತಿದರು, ಖಾತೆ ಖಾಲಿಯಾಯಿತು. ಹೀಗಾದಾಗ ಬ್ಯಾಂಕಿನ ಬಾಗಿಲು ತೆರೆಯಲೆಂದು ಬೆಳಗಿನವರೆಗೆ ಕಾಯುತ್ತಾರೆ. ಕಾಯಬಾರದು. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಇನ್ನೊಂದು ಖಾತೆಗೆ ಜಿಗಿಯುವ ಮೊದಲು ತಡೆಹಿಡಿಯುವ ಅವಕಾಶ ಮೊದಲ ಗಂಟೆಗಳಲ್ಲೇ ಹೆಚ್ಚು. ವಹಿವಾಟಿನ ಸಂಖ್ಯೆ, ಹೊತ್ತು, ಮೊತ್ತ ಬರೆದಿಟ್ಟುಕೊಂಡು ಕರೆ ಮಾಡಿ, ಆಮೇಲೆ ಶಿವಮೊಗ್ಗದ ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳ) ಠಾಣೆಗೋ ಹತ್ತಿರದ ಠಾಣೆಗೋ ಹೋಗಿ. ಸಂಘದ ಕಡೆಯಿಂದ ಒಬ್ಬರು ಈ ಕರೆ ಮಾಡುವುದನ್ನು ಕಲಿತಿರಲಿ. ವಯಸ್ಸಾದವರಿಗೆ ಗಾಬರಿಯಲ್ಲಿ ಕೈ ನಡುಗುತ್ತದೆ, ನಾಚಿಕೆಗೆ ಮಕ್ಕಳಿಗೂ ಹೇಳಿರುವುದಿಲ್ಲ. ಮೊದಲು ಅವರಿಗೆ ನೀರು ಕೊಟ್ಟು ಕೂರಿಸಿ, ಬೈಯಬೇಡಿ.

7. ಸಹಿ ಯಾರದು?

ಪ್ರಮಾಣಪತ್ರಕ್ಕೆ ಸಹಿ ಹಾಕಿದವರಿಗೆ ಮುಂದೊಂದು ದಿನ ಕೋರ್ಟಿನಿಂದ ಸಮನ್ಸ್ ಬರುತ್ತದೆ. ಅದು ಎರಡು ವರ್ಷಕ್ಕೂ ಬರಬಹುದು, ನಾಲ್ಕು ವರ್ಷಕ್ಕೂ ಬರಬಹುದು. ಕಂಪ್ಯೂಟರ್ ಗೊತ್ತಿದೆಯೆಂದು ಕಾಲೇಜು ಹುಡುಗನ ಕೈಲಿ ಸಹಿ ಹಾಕಿಸಿದರೆ ಆ ಹೊತ್ತಿಗೆ ಅವನು ಬೆಂಗಳೂರಲ್ಲೋ ಪುಣೆಯಲ್ಲೋ ಇರುತ್ತಾನೆ. ಊರಲ್ಲೇ ಇರುವವರನ್ನು, ತೋಟ ಬಿಟ್ಟು ಹೋಗದವರನ್ನು ಡಿವಿಆರ್ ಉಸ್ತುವಾರಿಗೆ ನೇಮಿಸಿ ಸಂಘದ ನಡಾವಳಿಯಲ್ಲಿ ಬರೆಯಿರಿ. ಹುಡುಗ ಅವರಿಗೆ ಕಲಿಸಲಿ. ಕೋರ್ಟಿಗೆ ಹೋಗುವ ಹಿಂದಿನ ದಿನ ದಾಖಲೆ ಪುಸ್ತಕದ ಆ ಪುಟ ತೆಗೆದು ಓದಿಕೊಳ್ಳಲು ಕೊಡಿ. ಆ ದಿನದ ಬಸ್ ಚಾರ್ಜು, ಊಟ ಸಂಘದ ಖರ್ಚಿನಲ್ಲಿರಲಿ, ಅಡಿಕೆ ಕೊಯ್ಲಿನ ಸಮಯವಾಗಿದ್ದರೆ ಅವರ ತೋಟದ ಕೆಲಸಕ್ಕೆ ಸಂಘದ ಇಬ್ಬರು ಹೋಗಲಿ.