ಟಾಂಪ್‌ಕಿನ್ಸ್ ಕೌಂಟಿಯ ಬಯಲಲ್ಲಿ ಸೊಗಡಿನ ಅವರೆ

ಈ ಸಲ ಸೆಪ್ಟೆಂಬರ್ ಮೊದಲ ವಾರದಲ್ಲೇ ಅವರೆಕಾಯಿ ಬಿಡಿಸಿದೆವು. ಅದೂ ನ್ಯೂಯಾರ್ಕ್ ರಾಜ್ಯದ ಟಾಂಪ್‌ಕಿನ್ಸ್ ಕೌಂಟಿಯಲ್ಲಿ, ಗ್ರೀನ್‌ಹೌಸ್ ಇಲ್ಲದೆ. "ಬಳ್ಳಿ ಬರುತ್ತೆ, ಕಾಯಿ ಬರಲ್ಲ" ಅಂತ ಹೇಳದವರೇ ಇರಲಿಲ್ಲ.

ಇಲ್ಲಿ ಮೇ ಕೊನೆವರೆಗೂ ಫ್ರಾಸ್ಟ್ ಭಯ, ಅಂದರೆ ಗಿಡ ಸುಡುವ ಹೆಪ್ಪುಗಟ್ಟಿದ ಇಬ್ಬನಿ. ಸೆಪ್ಟೆಂಬರ್ ಕೊನೆಗೆ ಮತ್ತೆ ಶುರು. ನಡುವಿನ 4 ತಿಂಗಳು ಸಾಕಲ್ವಾ ಅನಿಸುತ್ತದೆ. ಆದರೆ ನಾಟಿ ಅವರೆಗೆ ಹಗಲು ಚಿಕ್ಕದಾಗದೆ ಹೂ ಬರುವುದಿಲ್ಲ. ಜೂನ್‌ನಲ್ಲಿ ಇಲ್ಲಿ ಹಗಲು 15 ಗಂಟೆ ದಾಟುತ್ತದೆ. ಬಳ್ಳಿ ಆಳೆತ್ತರ ಸೊಕ್ಕಿ ಬೆಳೆಯುತ್ತದೆ, ಅಷ್ಟೇ. ಮೊಗ್ಗು ಬರುವಷ್ಟರಲ್ಲಿ ಗಾಳಿಯಿಲ್ಲದ ಒಂದು ತಿಳಿ ರಾತ್ರಿ ಸಾಕು, ಬೆಳಿಗ್ಗೆ ಎಲೆಯೆಲ್ಲ ಬೇಯಿಸಿದ ಸೊಪ್ಪಿನ ಹಾಗೆ ಜೋತುಬಿದ್ದಿರುತ್ತದೆ. ಹೀಟರ್, ಹೊದಿಕೆ ಅಂತ ಸುಮಾರು 300 ಡಾಲರ್ ಮಣ್ಣುಪಾಲಾಯಿತು. ಹೆಬ್ಬಾಳದ ಎಚ್‌ಎ-4 ಅವರೆ ತಳಿ ಹಾಕಿ ಅಂದರು. ಅದಕ್ಕೆ ಹಗಲಿನ ಹಂಗಿಲ್ಲ, ನಿಜ. ನನಗೆ ಬೇಕಿದ್ದದ್ದು ಆ ಹಳೆ ಸೊಗಡು.

ಹಾಗಾಗಿ ಹಗಲನ್ನೇ ಮೊಟಕು ಮಾಡಿದೆ. ಕುಡಿ ಚಿವುಟಿ ಗಿಡಗಳನ್ನು ಸೊಂಟದೆತ್ತರಕ್ಕೆ ಇಟ್ಟೆ. ಪಿವಿಸಿ ಕಮಾನಿನ ಮೇಲೆ ಸೈಲೇಜ್ (ದನಕ್ಕೆ ಕೂಡಿಡುವ ಹಸಿಮೇವು) ಮುಚ್ಚುವ ಕಪ್ಪು ಹಾಳೆ. ಎಲ್ಲಾ ಸೇರಿ 90 ಡಾಲರ್ ಆಸುಪಾಸು. ಜುಲೈ ಮೊದಲಿಂದ ದಿನಾ ಸಂಜೆ 7ಕ್ಕೆ ಮುಚ್ಚು, ಬೆಳಿಗ್ಗೆ 8ಕ್ಕೆ ತೆಗಿ. ಬಿಸಿಲು ಚುರುಕಾಗಿರುವಾಗಲೇ ಮುಚ್ಚಿದರೆ ಒಳಗೆ ಬೆಂದುಹೋಗುತ್ತದೆ. ಹಾಳೆಯ ಅಂಚಿಗೆ ಮಣ್ಣು ಹಾಕಿ, ಸಂದಿಯಲ್ಲಿ ಬೆಳಕು ನುಗ್ಗಬಾರದು. ಆಗಸ್ಟ್ ಶುರುವಿನಲ್ಲಿ ನೇರಳೆ ಹೂ ಗೊಂಚಲು ಗೊಂಚಲಾಗಿ ಬಂತು. ಪಕ್ಕದಲ್ಲಿ ಮುಚ್ಚದೆ ಬಿಟ್ಟ ಸಾಲಿನಲ್ಲಿ ಒಂದೂ ಇಲ್ಲ! ಸಂದೇಹಪಟ್ಟವರನ್ನೆಲ್ಲ ಕರೆದು ತೋರಿಸಿದೆ.

ಜೊತೆಗೆ ಸುಮ್ನೆ ಇನ್ನೊಂದು ನೋಡಿದೆ. ಇಳಿಜಾರಿನ ಮೇಲೊಂದು, ತಗ್ಗಿನಲ್ಲೊಂದು ಥರ್ಮಾಮೀಟರ್ ನೇತುಹಾಕಿದೆ. ತಿಳಿ ರಾತ್ರಿಗಳಲ್ಲಿ ತಗ್ಗು 3-4 ಡಿಗ್ರಿ ಜಾಸ್ತಿ ತಣ್ಣಗೆ. ತಣ್ಣನೆ ಗಾಳಿ ಭಾರ, ಕೆಳಗೆ ಹರಿದು ನಿಲ್ಲುತ್ತದೆ. ಕಯುಗಾ ಸರೋವರದ ದಂಡೆಯವರಿಗೆ ಈ ಕಷ್ಟ ಕಡಿಮೆ, ನೀರಿನ ಬಿಸಿ ಅವರನ್ನು ಕಾಯುತ್ತದೆ. ಬರುವ ವರ್ಷ ನನ್ನ ಸಾಲು ಮೇಲಕ್ಕೆ ಹೋಗುತ್ತದೆ.

ಡಜನ್ ಗಿಡದಿಂದ 6 ಕೆ.ಜಿ.ಯಷ್ಟು ಕಾಯಿ ಸಿಕ್ಕಿತು. ಸಸಿಗಳನ್ನು ಏಪ್ರಿಲ್‌ನಲ್ಲೇ ಮನೆಯೊಳಗೆ ಎಬ್ಬಿಸುವ ಬಗೆ ಮಾತ್ರ ಸದ್ಯ ನನ್ನಲ್ಲೇ ಇರಲಿ. ಹಾಳೆ ಈಗಲೇ ಕೊಂಡಿಡಿ.