ಕುಂಟುವ ಕೋಳಿಯ ಕಾಲನ್ನು ಮೊದಲು ತಿರುಗಿಸಿ ನೋಡಿ

ಮೂಡಿಗೆರೆ ಕಡೆ ಆರಿದ್ರೆ ಮಳೆ ಹಿಡಿಯಿತು ಅಂದರೆ ಕೋಳಿಗಳ ಕಾಲಿನ ತೊಂದರೆಯೂ ಶುರುವಾಯಿತು ಅಂತಲೇ ಲೆಕ್ಕ. ಅಂಗಳ ಒಣಗುವುದಿಲ್ಲ. ಗೂಡಿನಲ್ಲಿ ಹಾಸಿದ ಹೊಟ್ಟು ಹಸಿಯಾಗಿ ಗಟ್ಟಿ ಕಟ್ಟುತ್ತದೆ. ಹಗಲೆಲ್ಲ ಕೆಸರು ಕೆದಕಿದ ಕಾಲಲ್ಲೇ ಕೋಳಿಗಳು ಸಂಜೆ ಒಳಗೆ ಬರುತ್ತವೆ. ಒಂದು ಕೋಳಿ ಕುಂಟಿದರೆ ನಮ್ಮಲ್ಲಿ ಎರಡು ಮಾತು ಕೇಳಿಬರುತ್ತದೆ. "ವಾತ ಹಿಡ್ದಿದೆ ಅಕ್ಕ, ಬೆಳ್ಳುಳ್ಳಿ ಎಣ್ಣೆ ತಿಕ್ಕಿ" ಅನ್ನುವುದು ಒಂದು. "ಇನ್ನೇನು ಇಟ್ಕೋತೀರಾ, ಸಾರಿಗೆ ಹಾಕಿ" ಅನ್ನುವುದು ಇನ್ನೊಂದು. ಎರಡೂ ಕಾಲನ್ನು ನೋಡದೆ ಹೇಳುವ ಮಾತು.

ಹಿತ್ತಲಲ್ಲಿ ನಾಟಿ ಕೋಳಿಗಳ ಜೊತೆ ಒಂದಿಷ್ಟು ಗಿರಿರಾಜ ತಳಿಯ ಕೋಳಿ ಸಾಕಿಕೊಂಡು ಬಂದಿರುವ ನನಗೆ ಖಚಿತವಾಗಿರುವುದು ಇಷ್ಟು: ಕುಂಟುವುದು ಒಂದು ರೋಗ ಅಲ್ಲ. ಅಂಗಾಲಲ್ಲಿ ಹುಣ್ಣಿರಬಹುದು, ಚರ್ಮದಲ್ಲಿ ಹುಳ ಇರಬಹುದು, ಮೂಳೆ ಮೆತ್ತಗಾಗಿರಬಹುದು, ನರಕ್ಕೇ ಏಟು ಬಿದ್ದಿರಬಹುದು. ಯಾವುದು ಅಂತ ಗೊತ್ತಾಗದೆ ಕೊಡುವ ಮದ್ದು ಸುಮ್ನೆ ದಂಡ.

ನಾನು ಮೊದಲು ಕೋಳಿಯನ್ನು ಹಿಡಿಯುವುದಿಲ್ಲ, ದೂರದಿಂದ ನಡಿಗೆ ನೋಡುತ್ತೇನೆ. ಒಂದು ಕಾಲನ್ನು ಊರಿದ ತಕ್ಷಣ ಎತ್ತಿಕೊಳ್ಳುತ್ತಿದ್ದರೆ ಅಲ್ಲಿ ನೋವಿದೆ. ನೋವಿಲ್ಲದೆ ಕಾಲು ಎಳೆಯುತ್ತಿದ್ದರೆ, ಎತ್ತಲೋ ಹೋಗುತ್ತಿದ್ದರೆ, ನರದ ಕಡೆ ಅನುಮಾನ. ಆಮೇಲೆ ಕತ್ತಲಾಗುವ ತನಕ ಕಾಯುತ್ತೇನೆ. ಕೋಲಿನ ಮೇಲೆ ಕೂತ ಕೋಳಿ ಕತ್ತಲಲ್ಲಿ ಗಲಾಟೆ ಮಾಡದೆ ಕೈಗೆ ಬರುತ್ತದೆ. ಹಳೇ ಟವೆಲಲ್ಲಿ ರೆಕ್ಕೆ ಸೇರಿಸಿ ಸುತ್ತಿ, ತೊಡೆ ಮೇಲೆ ಇಟ್ಟುಕೊಂಡು, ಟಾರ್ಚ್ ಬೆಳಕಲ್ಲಿ ಬೆರಳ ತುದಿಯಿಂದ ಮೇಲಕ್ಕೆ ನೋಡುತ್ತಾ ಹೋಗುವುದು. ಎರಡು ಕಾಲನ್ನೂ ನೋಡಬೇಕು. ಒಳ್ಳೇ ಕಾಲಿನ ಜೊತೆ ಹೋಲಿಸಿದರೆ ಮಾತ್ರ ಊತ, ಬಿಸಿ, ಸೊಟ್ಟ ತಿಳಿಯುವುದು.

ಬೆರಳ ಸಂದಿಯಿಂದ ಶುರುಮಾಡುವುದಕ್ಕೆ ಕಾರಣ ಇದೆ. ಕಾಫಿ ಕಣದ ಸುತ್ತ ಬಿದ್ದಿರುವ ಗೋಣಿಚೀಲದ ದಾರ, ಹರಿದ ನೈಲಾನ್ ಬಲೆಯ ಎಳೆ, ಬಾಚಿ ಬಿಸಾಡಿದ ತಲೆಕೂದಲು, ಇವು ಬೆರಳಿಗೆ ಸುತ್ತಿಕೊಂಡು ಬಿಗಿಯುತ್ತವೆ. ಮೇಲೆ ಕೆಸರು ಮೆತ್ತಿಕೊಂಡರೆ ದಾರ ಕಾಣುವುದೇ ಇಲ್ಲ, ಬೆರಳು ಊದಿದ್ದಷ್ಟೇ ಕಾಣುತ್ತದೆ. ಹಾಗೇ ಬಿಟ್ಟರೆ ರಕ್ತ ಓಡದೆ ಬೆರಳು ಕಪ್ಪಾಗಿ ಒಣಗಿ ಉದುರಿಹೋಗುತ್ತದೆ. ಬೆಚ್ಚಗಿನ ನೀರಲ್ಲಿ ತೊಳೆದು, ಉಗುರು ಕತ್ತರಿಸುವ ಸಣ್ಣ ಕತ್ತರಿಯಿಂದ ಎಳೆ ಬಿಡಿಸಿದರೆ ಕೆಲಸ ಮುಗಿಯಿತು.

ಈಗ ಅಂಗಾಲು. ನಮ್ಮ ಗಿರಿರಾಜ ಹುಂಜಕ್ಕೆ ಆಗಿದ್ದು ಇದೇ. ಅಂಗಾಲಿನ ನಡುವಿನ ದಪ್ಪ ಭಾಗ ಊದಿ ಹೊಳೆಯುತ್ತಿತ್ತು, ಮುಟ್ಟಿದರೆ ಬಿಸಿ. ಮಧ್ಯದಲ್ಲಿ ಹುರುಳಿಕಾಳಿನಷ್ಟು ಕಪ್ಪು ಹಕ್ಕಳೆ. ಇದಕ್ಕೆ ಡಾಕ್ಟರು ಬಂಬಲ್‌ಫೂಟ್ ಅನ್ನುತ್ತಾರೆ, ನಮ್ಮ ಕಡೆ ಆಣಿ ಅಂತ ಹೇಳಿಬಿಡುತ್ತಾರೆ. ಆದರೆ ಇದು ಬರೀ ಆಣಿ ಅಲ್ಲ. ಅಂಗಾಲಿನ ಚರ್ಮ ಎಲ್ಲೋ ಸ್ವಲ್ಪ ಹರಿದು, ಅಲ್ಲಿಂದ ಬ್ಯಾಕ್ಟೀರಿಯಾ ಒಳಗೆ ಹೋಗಿರುತ್ತದೆ. ಹೆಚ್ಚಾಗಿ ಸ್ಟ್ಯಾಫಿಲೋಕಾಕಸ್ ಆರಿಯಸ್. ಇದು ಮನುಷ್ಯರ ಗಾಯಕ್ಕೂ ಅಂಟುವ ಜಾತಿ, ಹಾಗಾಗಿ ಕೈಗವಸು ಹಾಕದೆ ನಾನು ಇದನ್ನು ಮುಟ್ಟುವುದಿಲ್ಲ.

ಚರ್ಮ ಹರಿದದ್ದು ಎಲ್ಲಿ ಅಂತ ಹುಡುಕಿದಾಗ ಉತ್ತರ ಗೂಡಿನಲ್ಲೇ ಸಿಕ್ಕಿತು. ಕೂರುವುದಕ್ಕೆ ಅಡಿಕೆ ದಬ್ಬೆ ಕಟ್ಟಿದ್ದೆವು. ಮಲೆನಾಡಲ್ಲಿ ಸುಲಭವಾಗಿ ಸಿಗುವುದು ಅದೇ ಅಲ್ವಾ. ಸೀಳಿದ ದಬ್ಬೆಯ ಅಂಚಿನಲ್ಲಿ ಸಿಬಿರು ಏಳುತ್ತದೆ. ಅದೂ ಎತ್ತರದಲ್ಲಿ ಕಟ್ಟಿದ್ದು. ಹಗುರವಾದ ನಾಟಿ ಕೋಳಿ ರೆಕ್ಕೆ ಬಡಿದು ಮೆಲ್ಲಗೆ ಇಳಿಯುತ್ತದೆ. ಗಿರಿರಾಜದ ಹುಂಜ ಮೂರು ನಾಲ್ಕು ಕಿಲೋ ತೂಗುತ್ತದೆ. ಅದು ಧೊಪ್ಪನೆ ಬಿದ್ದಾಗ ಅಷ್ಟೂ ಭಾರ ಅಂಗಾಲಿನ ಮೇಲೆ. ಕೆಳಗಿನ ಹೊಟ್ಟು ಹಸಿಯಾಗಿದ್ದರೆ ಚರ್ಮ ಮೊದಲೇ ನೆಂದು ಮೆತ್ತಗಾಗಿರುತ್ತದೆ.

ಕೋಳಿಯ ಕೀವಿನ ಬಗ್ಗೆ ಒಂದು ವಿಷಯ ಗೊತ್ತಿರಬೇಕು. ನಮ್ಮ ಕೀವಿನಂತೆ ಅದು ನೀರಾಗಿ ಹರಿಯುವುದಿಲ್ಲ. ಕೀವನ್ನು ಕರಗಿಸುವಂಥ ಕೆಲವು ಕಿಣ್ವಗಳು ಹಕ್ಕಿಗಳ ಬಿಳಿ ರಕ್ತಕಣದಲ್ಲಿ ಇಲ್ಲ. ಹಾಗಾಗಿ ಒಳಗೆ ಗಿಣ್ಣಿನ ತುಂಡಿನ ಹಾಗೆ ಹಳದಿಯಾಗಿ ಗಟ್ಟಿಯಾಗಿ ಕೂತಿರುತ್ತದೆ. ಸೂಜಿ ಚುಚ್ಚಿ ಹಿಂಡಿದರೆ ಏನೂ ಬರುವುದಿಲ್ಲ, ನೋವು ಮಾತ್ರ. ಬರೀ ಆಂಟಿಬಯಾಟಿಕ್ ಕೊಟ್ಟರೂ ಆ ಗಟ್ಟಿ ತುಂಡಿನೊಳಕ್ಕೆ ಮದ್ದು ಸರಿಯಾಗಿ ತಲುಪುವುದಿಲ್ಲ.

ನಾನು ಮಾಡಿದ್ದು ಹೀಗೆ. ಅಗಲ ಬಕೆಟ್ಟಿನಲ್ಲಿ ಬೆಚ್ಚಗಿನ ನೀರು, ಲೀಟರಿಗೆ ಒಂದು ಚಮಚ ಎಪ್ಸಮ್ ಉಪ್ಪು. ಮೆಡಿಕಲ್ ಶಾಪಲ್ಲಿ ಸಿಗುತ್ತದೆ. ಹದಿನೈದು ನಿಮಿಷ ಹುಂಜವನ್ನು ಅದರಲ್ಲಿ ನಿಲ್ಲಿಸಿ ಹಿಡಿದುಕೊಂಡೆ. ಆ ನೀರು ಕುಡಿಯಲು ಬಿಡಬಾರದು, ಭೇದಿಯಾಗುತ್ತದೆ. ಕಾಲು ಒರೆಸಿ ಪೊವಿಡೋನ್ ಅಯೋಡಿನ್ ಹಚ್ಚಿ, ಮೆತ್ತಗಾದ ಹಕ್ಕಳೆಯ ಅಂಚನ್ನು ಕುದಿಸಿದ ಚಿಮಟದಿಂದ ಎತ್ತಿದೆ. ಮೊದಲ ದಿನ ಅದು ಬರಲಿಲ್ಲ. ಬಲವಂತ ಮಾಡಲಿಲ್ಲ. ಅಯೋಡಿನ್ ಹಚ್ಚಿ ಗಾಜ್ ಬಟ್ಟೆ ಕಟ್ಟಿ ಬಿಟ್ಟೆ. ದಿನಾ ಹೀಗೇ ನೆನೆಸುತ್ತಾ ಹೋದ ಮೇಲೆ ಒಂದು ದಿನ ಹಕ್ಕಳೆ ತಾನಾಗೇ ಸಡಿಲವಾಗಿ, ಅದರ ಹಿಂದೆಯೇ ಬೇರಿನಂಥ ಹಳದಿ ಗಡ್ಡೆ ಎದ್ದು ಬಂತು. ಒಳಗೆ ಗುಲಾಬಿ ಬಣ್ಣದ ಗುಳಿ. ರಕ್ತ ಜಾಸ್ತಿ ಬರಲಿಲ್ಲ. ಗುಳಿಯನ್ನು ಉಪ್ಪುನೀರಲ್ಲಿ ತೊಳೆದು, ಅಯೋಡಿನ್ ಮುಲಾಮು ತುಂಬಿ, ಗಾಜ್ ಇಟ್ಟು, ಬಟ್ಟೆಪಟ್ಟಿಯನ್ನು ಬೆರಳುಗಳ ನಡುವೆ ಅಡ್ಡಡ್ಡ ತಂದು ಮೇಲೆ ಕಟ್ಟಿದೆ. ಕಟ್ಟಿದ ಮೇಲೆ ಬೆರಳು ಮುಟ್ಟಿ ನೋಡಬೇಕು. ತಣ್ಣಗಾಗಿದ್ದರೆ, ಊದಿದ್ದರೆ ಬಿಗಿ ಹೆಚ್ಚಾಗಿದೆ ಅಂತ. ಹೈಡ್ರೋಜನ್ ಪೆರಾಕ್ಸೈಡ್ ದಿನಾ ಸುರಿಯುವವರಿದ್ದಾರೆ. ನೊರೆ ಬಂದರೆ ಶುದ್ಧವಾಯಿತು ಅನ್ನಿಸುತ್ತದೆ, ಆದರೆ ಅದು ಹೊಸದಾಗಿ ಬೆಳೆಯುವ ಮಾಂಸವನ್ನೂ ಸುಡುತ್ತದೆ. ನಾನು ಬಳಸುವುದಿಲ್ಲ.

ಗುಳಿ ಮುಚ್ಚುವುದಕ್ಕೆ ವಾರಗಟ್ಟಲೆ ಬೇಕು. ಅಷ್ಟು ದಿನ ಹುಂಜ ಜಗಲಿಯ ಮೂಲೆಯಲ್ಲಿ, ಒಣ ಭತ್ತದ ಹೊಟ್ಟಿನ ಮೇಲೆ, ಕೋಲಿಲ್ಲದೆ ಇತ್ತು. ಊತ ಕಾಲಿನ ಗಂಟಿನವರೆಗೆ ಏರಿದ್ದರೆ, ಕೋಳಿ ಮೇವು ಬಿಟ್ಟಿದ್ದರೆ, ಅದು ಮನೆಯಲ್ಲಿ ಮಾಡುವ ಕೆಲಸ ಅಲ್ಲ. ಸೋಂಕು ಮೂಳೆಗೆ ಇಳಿದಿರಬಹುದು. ಪಶುವೈದ್ಯರೇ ನೋಡಬೇಕು. ಬ್ಲೇಡು ಹಿಡಿದು ಕೊಯ್ಯುವುದಂತೂ ಬೇಡವೇ ಬೇಡ, ಅಲ್ಲಿ ನರ, ರಕ್ತನಾಳ ಎಲ್ಲ ಒತ್ತೊತ್ತಾಗಿವೆ. ನಮಗೆ ಬರೆದುಕೊಟ್ಟ ನೋವಿನ ಮಾತ್ರೆಯನ್ನು ಅರ್ಧ ಮುರಿದು ಕೋಳಿಗೆ ಹಾಕುವುದೂ ಬೇಡ. ಅಂಥ ಕೆಲವು ಮಾತ್ರೆ ಹಕ್ಕಿಗಳ ಮೂತ್ರಪಿಂಡವನ್ನೇ ಕೆಡಿಸುತ್ತವೆ.

ದಬ್ಬೆ ಬಿಚ್ಚಿ ಸಿಲ್ವರ್ ಓಕಿನ ದುಂಡು ಕೋಲು ಹಾಕಿದೆವು. ಎರಡು ಇಂಚು ದಪ್ಪ, ಗೀರಿಲ್ಲದಂತೆ ತಿಕ್ಕಿ ನಯ ಮಾಡಿದ್ದು, ನೆಲದಿಂದ ಒಂದೂವರೆ ಅಡಿ ಮಾತ್ರ. ಮದ್ದಿಗಿಂತ ಹೆಚ್ಚು ಕೆಲಸ ಮಾಡಿದ್ದು ಈ ಕೋಲು ಅಂತ ನನ್ನ ನಂಬಿಕೆ.

ಚರ್ಮದ ತೊಂದರೆ ಬೇರೆಯೇ. ಕಾಲಿನ ಹುರುಪೆಗಳು ನುಣ್ಣಗೆ ಮಲಗಿರುವ ಬದಲು ಎದ್ದು ನಿಂತು, ಸಂದಿಯಲ್ಲಿ ಬೂದುಬಿಳಿ ಪುಡಿ ಕಟ್ಟಿ, ಕಾಲು ದಪ್ಪಗೆ ಒರಟಾಗಿ ಕಾಣುತ್ತದೆ. ವಯಸ್ಸಾಯಿತು ಅಂತ ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಇದು ವಯಸ್ಸಲ್ಲ, ಹುಳ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಹುರುಪೆಯ ಅಡಿ ಸುರಂಗ ಕೊರೆದು ಅಲ್ಲೇ ಸಂಸಾರ ಹೂಡಿರುತ್ತದೆ. ಹುಟ್ಟಿನಿಂದ ಸಾವಿನವರೆಗೆ ಅದು ಕೋಳಿಯ ಮೈಮೇಲೇ ಇರುತ್ತದೆ. ಹಾಗಾಗಿ ಉಸಿರು ಕಟ್ಟಿಸಿದರೆ ಸಾಯುತ್ತದೆ, ಅದಕ್ಕೆ ಎಣ್ಣೆ ಸಾಕು. ಸೋಪಿನ ಬೆಚ್ಚಗಿನ ನೀರಲ್ಲಿ ಕಾಲು ನೆನೆಸಿ, ಹಳೇ ಮೆತ್ತನೆ ಬ್ರಷ್ಷಿನಿಂದ ಮೇಲಿಂದ ಕೆಳಕ್ಕೆ ಉಜ್ಜಿ, ಒರೆಸಿ, ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ದಪ್ಪಗೆ ಹಚ್ಚುತ್ತೇನೆ. ಎರಡು ದಿನಕ್ಕೊಮ್ಮೆ, ಕೆಲವು ವಾರ ಬಿಡದೆ. ಎದ್ದ ಹುರುಪೆಯನ್ನು ಕೀಳಬಾರದು, ರಕ್ತ ಬರುತ್ತದೆ. ಒಂದು ಕೋಳಿಗೆ ಇದ್ದರೆ ಎಲ್ಲಕ್ಕೂ ಹಚ್ಚಬೇಕು, ಕೂರುವ ಕೋಲನ್ನೂ ಉಜ್ಜಿ ತೊಳೆಯಬೇಕು. ಹಿಂದಿನವರು ಸೀಮೆಎಣ್ಣೆ ಹಚ್ಚುತ್ತಿದ್ದರು. ಅದರಿಂದ ಚರ್ಮ ಸುಟ್ಟು ಕೋಳಿ ನರಳುವುದನ್ನು ನೋಡಿದವರು ಮತ್ತೆ ಹಚ್ಚುವುದಿಲ್ಲ. ಜಾಸ್ತಿ ಹರಡಿದ್ದರೆ ಡಾಕ್ಟರು ಐವರ್ಮೆಕ್ಟಿನ್ ಕೊಡುತ್ತಾರೆ. ಆಗ ಎಷ್ಟು ದಿನ ಮೊಟ್ಟೆ ತಿನ್ನಬಾರದು ಅಂತ ಅವರನ್ನೇ ಕೇಳಿಕೊಳ್ಳಿ. ಕಾವಿಗೆ ಕೂತ ಹೇಂಟೆಗೆ ಎಣ್ಣೆ ಹಚ್ಚುವುದಿದ್ದರೆ ಎಚ್ಚರ. ಎಣ್ಣೆ ಮೊಟ್ಟೆಗೆ ತಾಗಿದರೆ ಚಿಪ್ಪಿನ ಸಣ್ಣ ರಂಧ್ರ ಮುಚ್ಚಿ ಒಳಗಿನ ಮರಿ ಉಸಿರುಕಟ್ಟಿ ಸಾಯುತ್ತದೆ.

ಮರಿಗಳ ಕಾಲು ಮೇವಿನ ಕಥೆ ಹೇಳುತ್ತದೆ. ಬೆರಳುಗಳು ಒಳಕ್ಕೆ ಮುದುರಿಕೊಂಡು, ಮರಿ ಹಿಮ್ಮಡಿ ಗಂಟಿನ ಮೇಲೆ ನಡೆಯುತ್ತಿದ್ದರೆ ಅದು ರಿಬೋಫ್ಲೇವಿನ್, ಅಂದರೆ ಬಿ2 ವಿಟಮಿನ್ ಕೊರತೆ. ಬರೀ ಅಕ್ಕಿ ನುಚ್ಚು ಹಾಕಿ ಬೆಳೆಸುವ ಮನೆಗಳಲ್ಲಿ ಇದು ಬರುತ್ತದೆ. ಕಂಡ ದಿನವೇ ಕುಡಿಯುವ ನೀರಿಗೆ ಬಿ ಕಾಂಪ್ಲೆಕ್ಸ್ ಹಾಕಿ, ಮೇವನ್ನು ಸ್ಟಾರ್ಟರ್‌ಗೆ, ಅಂದರೆ ಮರಿಗಳ ಮೇವಿಗೆ ಬದಲಿಸಿದರೆ ಎದ್ದು ನಡೆಯುತ್ತವೆ. ತಡವಾದರೆ ನರ ಕೆಟ್ಟು ಹಾಗೇ ಉಳಿಯುತ್ತದೆ. ಹೊಸ ಮರಿಯ ಎರಡು ಕಾಲೂ ಪಕ್ಕಕ್ಕೆ ಜಾರಿದ್ದರೆ ಹೆಚ್ಚಾಗಿ ತಪ್ಪು ನೆಲದ್ದು. ನ್ಯೂಸ್‌ಪೇಪರ್ ಮೇಲೆ ಮರಿ ಬಿಡಬೇಡಿ, ಜಾರುತ್ತದೆ. ಕಾಲೆರಡನ್ನೂ ಇಂಚಿನಷ್ಟು ಅಂತರ ಬಿಟ್ಟು ಬ್ಯಾಂಡೇಜ್ ಪಟ್ಟಿಯಿಂದ ಸೇರಿಸಿ, ಒರಟು ಬಟ್ಟೆಯ ಮೇಲೆ ಬಿಟ್ಟರೆ ಕೆಲವೇ ದಿನದಲ್ಲಿ ನೆಟ್ಟಗಾಗುತ್ತದೆ. ಮೊದಲ ಒಂದೆರಡು ದಿನದಲ್ಲೇ ಮಾಡಬೇಕು.

ವಾರಗಟ್ಟಲೆ ಬಿಸಿಲೇ ಕಾಣದ ನಮ್ಮ ಮಳೆಯಲ್ಲಿ ಬೆಳೆಯುವ ಮರಿಗಳಿಗೆ ಡಿ3 ವಿಟಮಿನ್ ಸಾಲದೆ ಮೂಳೆ ಮೆತ್ತಗಾಗುತ್ತದೆ. ಕೊಕ್ಕನ್ನು ಬೆರಳಿಂದ ಒತ್ತಿ ನೋಡಿದರೆ ಬಾಗುತ್ತದೆ. ಡಿ3 ಇರುವ ದ್ರಾವಣ ಕೊಟ್ಟು, ಬಿಸಿಲು ಬಿದ್ದ ಕ್ಷಣ ಹೊರಗೆ ಬಿಡುವುದೇ ದಾರಿ. ಮೊಟ್ಟೆ ಇಡುವ ಹೇಂಟೆಗೆ ಸುಣ್ಣದಂಶ ಸಾಲದಿದ್ದರೆ ತನ್ನ ಮೂಳೆಯಿಂದಲೇ ತೆಗೆದು ಚಿಪ್ಪು ಕಟ್ಟುತ್ತದೆ, ಕೊನೆಗೆ ಕಾಲು ಸೋತು ಕೂರುತ್ತದೆ. ಅವಕ್ಕೆ ಕಪ್ಪೆಚಿಪ್ಪಿನ ಪುಡಿ ಬೇರೆ ಬಟ್ಟಲಲ್ಲಿ ಇಡುತ್ತೇನೆ. ಮೇವಿಗೆ ಬೆರೆಸುವುದಿಲ್ಲ. ಮೊಟ್ಟೆ ಕೋಳಿಯ ಮೇವಿನಲ್ಲಿ ಶೇಕಡಾ 3.5ರಿಂದ 4ರಷ್ಟು ಕ್ಯಾಲ್ಸಿಯಂ ಬೇಕು, ಮರಿಗೆ ಶೇಕಡಾ 1 ಸಾಕು. ಅಷ್ಟೊಂದು ಕ್ಯಾಲ್ಸಿಯಂ ಮರಿಯ ಮೂತ್ರಪಿಂಡಕ್ಕೆ ಹೊರೆ.

ನಾನು ಗೆಲ್ಲಲಾಗದ್ದೂ ಇದೆ. ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಚಾಚಿ ಮಲಗಿದ ಹರೆಯದ ಕೋಳಿ. ಕಣ್ಣು ಚುರುಕಾಗಿದೆ, ಮೇವು ಮುಂದಿಟ್ಟರೆ ತಿನ್ನುತ್ತದೆ, ಅಂಗಾಲಲ್ಲಿ ಏನೂ ಇಲ್ಲ. ಇದು ಮ್ಯಾರೆಕ್ಸ್. ಹರ್ಪಿಸ್ ಜಾತಿಯ ವೈರಸ್ ಕಾಲಿನ ನರವನ್ನು ಊದಿಸುತ್ತದೆ. ಗರಿಯ ಧೂಳಿನಲ್ಲಿ ಹರಡುತ್ತದೆ, ಮನುಷ್ಯರಿಗೆ ಬರುವುದಿಲ್ಲ. ಮದ್ದಿಲ್ಲ. ಮರಿ ಹೊರಬಂದ ದಿನವೇ ಹ್ಯಾಚರಿಯಲ್ಲಿ ಕೊಡುವ ಲಸಿಕೆ ಒಂದೇ ರಕ್ಷಣೆ, ಮನೆಯಲ್ಲಿ ಕಾವಿಗೆ ಕೂರಿಸಿದ ಮರಿಗೆ ಅದು ಸಿಗುವುದಿಲ್ಲ. ಕಾಲು ಸೋಲುವುದರ ಜೊತೆ ಕತ್ತು ತಿರುಚಿಕೊಂಡು, ಹಸಿರು ಹಿಕ್ಕೆ ಹಾಕುತ್ತಿದ್ದರೆ ಕೊಕ್ಕರೆ ರೋಗದ (ರಾಣಿಖೇತ್) ಅನುಮಾನ ಬರಬೇಕು. ಅದಕ್ಕೆ ಮೊದಲ ವಾರದಲ್ಲಿ ಕಣ್ಣಿಗೆ ಲಸಿಕೆಯ ಹನಿ, ಎಂಟು ವಾರದ ಹೊತ್ತಿಗೆ ಆರ್‌2ಬಿ ಅನ್ನುವ ಲಸಿಕೆಯ ಚುಚ್ಚುಮದ್ದು ಹಾಕಿಸುತ್ತೇನೆ. ಮಳೆಗಾಲಕ್ಕೆ ಮುಂಚೆಯೇ ಮುಗಿಸಿಬಿಡುವುದು ಒಳ್ಳೇದು. ಒಂದಾದ ಮೇಲೊಂದು ಬಿದ್ದು ಸಾಯುತ್ತಿದ್ದರೆ ಮನೆಮದ್ದಿನಲ್ಲಿ ಹೊತ್ತು ಕಳೆಯಬೇಡಿ. ಹತ್ತಿರದ ಪಶು ಆಸ್ಪತ್ರೆಗೆ ಅಥವಾ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಸತ್ತ ಕೋಳಿಯನ್ನು ಹೂಳುವ ಮೊದಲು ಪರೀಕ್ಷೆಗೆ ಬೇಕಾ ಅಂತ ಕೇಳಿ. ಉಳಿದವನ್ನು ಉಳಿಸಲು ಅದರ ನರ, ಕರುಳು ನೋಡಿದ ವೈದ್ಯರ ಮಾತೇ ಆಧಾರ.

ಕಾಲು ಸೋತ ಯಾವ ಕೋಳಿಯನ್ನೂ ಗುಂಪಿನಲ್ಲಿ ಬಿಡುವುದಿಲ್ಲ. ಉಳಿದವು ಕುಕ್ಕುತ್ತವೆ, ನೀರಿನ ಹತ್ತಿರ ಸೇರಿಸುವುದಿಲ್ಲ. ಎಷ್ಟೋ ಕುಂಟ ಕೋಳಿ ಸಾಯುವುದು ಕಾಲಿನಿಂದಲ್ಲ, ಬಾಯಾರಿ. ಕೊಕ್ಕಿಗೆ ಎಟುಕುವಷ್ಟು ಹತ್ತಿರ ನೀರು, ಮೇವು ಇಟ್ಟು, ದಿನಕ್ಕೆ ಎರಡು ಮೂರು ಸಲ ಮಗ್ಗುಲು ಬದಲಿಸುತ್ತೇನೆ. ಒಂದೇ ಕಡೆ ಮಲಗಿದರೆ ಎದೆಯ ಮೂಳೆಯ ಮೇಲೆ ಹುಣ್ಣಾಗುತ್ತದೆ.

ಈಗ ಮೇ ತಿಂಗಳಲ್ಲೇ ಗೂಡಿನ ಹಳೇ ಹೊಟ್ಟು ಪೂರ್ತಿ ತೆಗೆದು, ನೆಲಕ್ಕೆ ಸುಣ್ಣ ಚೆಲ್ಲಿ, ಒಣಗಿದ ಭತ್ತದ ಹೊಟ್ಟನ್ನು ಚೀಲದಲ್ಲಿ ಅಟ್ಟದ ಮೇಲೆ ಕೂಡಿಡುತ್ತೇವೆ. ಮಳೆ ಹಿಡಿದ ಮೇಲೆ ಒಣ ಹೊಟ್ಟು ಎಲ್ಲೂ ಸಿಗುವುದಿಲ್ಲ. ವಾರಕ್ಕೆರಡು ಸಲ ಕೆದಕಿ, ಹಸಿಯಾದ ಜಾಗ ಎತ್ತಿ ಹೊಸದು ಹಾಕುವುದು. ಗೂಡಿನ ಬಾಗಿಲಲ್ಲಿ ಎರಡು ಮಾರಿನಷ್ಟು ಜಾಗಕ್ಕೆ ದುಂಡು ಮರಳು ಸುರಿದಿದ್ದೇವೆ, ಕಾಲಿನ ಕೆಸರು ಅರ್ಧ ಅಲ್ಲೇ ಉದುರುತ್ತದೆ. ಜಲ್ಲಿ ಹಾಕಬೇಡಿ, ಅದರ ಮೂಲೆ ಅಂಗಾಲು ಕೊಯ್ಯುತ್ತದೆ. ಸಂತೆಯಲ್ಲಿ ಕೋಳಿ ಕೊಳ್ಳುವಾಗಲೂ ದುಡ್ಡು ಕೊಡುವ ಮೊದಲು ಎರಡು ಅಂಗಾಲು, ಕಾಲಿನ ಹುರುಪೆ ತಿರುಗಿಸಿ ನೋಡುತ್ತೇನೆ. ತಂದ ಮೇಲೂ ಮೂರು ನಾಲ್ಕು ವಾರ ಬೇರೆ ಗೂಡಿನಲ್ಲಿಟ್ಟು, ಮನೆಯ ಕೋಳಿಗಳಿಗೆ ಮೇವು ಹಾಕಿಯಾದ ಮೇಲೇ ಅವುಗಳ ಹತ್ತಿರ ಹೋಗುತ್ತೇನೆ.